ಮೂವತ್ತು ಸಲ ದಾದಾಪೀರ್

ಮೊದಲು ಕೈ ಬೇಕಿತ್ತು.
ಇಂಥ ಆಟದಲ್ಲಿ ಆಡುವವನಿಗೆ ಮುಖವಿಲ್ಲ, ಮೈಯಿಲ್ಲ,
ತೆರೆಯ ಅಡಿಯಿಂದ ಚಾಚಿದ ಎರಡು ಕೈ, ಒಂದು ಬಂದೂಕು, ಅಷ್ಟೆ.
ಸಿದ್ಧ ಕೈಗಳು ಮಾರಾಟಕ್ಕಿದ್ದವು, ಡಾಲರಿನಲ್ಲಿ.
ನಮ್ಮದು ಹನ್ನೊಂದು ಸಾವಿರ ರೂಪಾಯಿಯ ಸಾಹಸ,
ಅದರಲ್ಲೂ ನಾಲ್ಕು ಸಾವಿರ
ಜೀನ್ಸಿನ ನೂಲುಧೂಳು ನುಂಗಿ ಕೆಮ್ಮುವ
ಹಳೇ ಕಂಪ್ಯೂಟರಿನ ಆರೈಕೆಗೇ ಹೋಗಿತ್ತು.

ಹೊನ್ನೂರ್‌ಬಿಯ ಹತ್ತಿರ ಹೋಗಿ, ‘ಅಕ್ಕಾ, ಕೈ ಕೊಡು’ ಅಂದೆ.
‘ಕೈ ಕೊಡೋರು ಗಂಡಸ್ರು ಕಣೋ, ನಾವಲ್ಲ’ ಅಂದಳು.
ರಾಯದುರ್ಗದ ಆ ತಗಡಿನ ಶೆಡ್ಡು ಇಡೀ ನಕ್ಕಿತು,
ಹದಿನಾಲ್ಕು ಮಿಷನ್ನು ಒಂದು ಗಳಿಗೆ ನಿಂತವು.

ಜೇಬಿನ ಬಿಳಿ ಅಸ್ತರಿನ ಮೇಲೆ ಅಂಗೈ ಹಾಸಿದಳು.
ಅರವತ್ತನಾಲ್ಕು ಫೋಟೋ.
ತೋರುಬೆರಳ ಉಗುರಿನಲ್ಲಿ ಸೂಜಿ ಹೊಕ್ಕು ಹೊರಟ ಗುರುತು,
ಗೆಣ್ಣುಗಳ ಸಂದಿಯಲ್ಲಿ ಸೋಪಿಗೆ ಬಗ್ಗದ ನೀಲಿ.
ತಿದ್ದಲು ಪುರುಸೊತ್ತಿರಲಿಲ್ಲ, ಹಾಗೇ ಬಿಟ್ಟೆವು.

ಆಟದ ಊರು ನಮ್ಮದೇ:
ಶೆಡ್ಡು, ಬಣ್ಣದ ನೀರಿನ ಚರಂಡಿ, ಗುಡ್ಡ, ಕೋಟೆಯ ಮೆಟ್ಟಿಲು.
ಎಲ್ಲ ಕರೆಂಟು ಹೋದ ರಾತ್ರಿಯಲ್ಲೇ ನಡೆಯಬೇಕೆಂದ ತಿಪ್ಪೇರುದ್ರ,
ಕತ್ತಲಿಗೆ ಖರ್ಚಿಲ್ಲ.
‘ಹೊಡೆಯೋದು ಯಾಕೆ ಅಂತ ಹೇಳಬೇಡವಾ?’ ಅಂತ ಕೇಳಿದೆ.
‘ಅದು ಎರಡನೇ ಭಾಗಕ್ಕೆ.’

ಶತ್ರುವಿಗೆ ಕಟಿಂಗ್ ಮಾಸ್ಟರ್ ದಾದಾಪೀರ್ ಒಪ್ಪಿದ.
ಪಾಳಿ ಮುಗಿಸಿ, ಟೀ ಕುಡಿದು, ತೋಳಗಲಿಸಿ ನಿಂತ.
ಸಿಟ್ಟು ಮಾಡ್ಕೋ ಎಂದೆವು. ಬರಲಿಲ್ಲ.
ಪೀಸಿಗೆ ಎಂಟಾಣೆ ಇಳಿಸಿದ್ದು ನೆನಪಿಸಿದೆವು.
ಹುಬ್ಬು ಗಂಟಿಕ್ಕಿತೇ ಹೊರತು
ಕಣ್ಣು ಮಾತ್ರ ಮನೆಗೆ ಹೊರಟವನ ಕಣ್ಣು.
ಇನ್ನೊಬ್ಬನನ್ನು ರೂಪಿಸುವ ತ್ರಾಣ ಯಂತ್ರಕ್ಕಿರಲಿಲ್ಲ.
ಆದ್ದರಿಂದ ಮೂವತ್ತು ಜನ ದಾದಾಪೀರ್,
ಹತ್ತು ಜನಕ್ಕೆ ಬೇರೆ ಅಂಗಿ, ಐದು ಜನಕ್ಕೆ ಮೀಸೆ.

ಎಪ್ಪತ್ತೊಂಬತ್ತು ರೂಪಾಯಿ ಬೆಲೆ ಕಟ್ಟಿ ಲೋಕಕ್ಕೆ ಬಿಟ್ಟೆವು.
ನಲವತ್ತಮೂರು ಮಂದಿ ಕೊಂಡರು,
ನಾಲ್ವರು ದುಡ್ಡು ವಾಪಸು ಕೇಳಿದರು.
ಕೈಗೇನು ರೋಗ, ಯಾಕೆ ನೀಲಿ? ಅಂದರು.
ಶತ್ರುಗಳೆಲ್ಲ ಒಬ್ಬನೇ, ಮಾಡಿದವರು ಸೋಮಾರಿಗಳು ಅಂದರು.
ಬ್ರೆಜಿಲಿನ ಒಬ್ಬ ಮಾತ್ರ ಬೆರಗಾಗಿ ಕೇಳಿದ,
ಗುಂಡಿನ ಸದ್ದು ಅಪ್ಪಟ, ಯಾವ ಬಂದೂಕು?
ಅದು ಗುಂಡಲ್ಲ ಸ್ವಾಮಿ, ಗುಂಡಿ,
ಪ್ಯಾಂಟಿಗೆ ಹಿತ್ತಾಳೆ ಗುಂಡಿ ಒತ್ತುವ ಮಿಷನ್ನು
ಎಂದು ಬರೆದೆವು. ಅವನು ನಂಬಲಿಲ್ಲ.
ಮತ್ತೆ ಎಲ್ಲಿಯವರೋ, ಹೆಸರಿಲ್ಲ:
‘ಮೆಟ್ಟಿಲ ಬಳಿಯ ಏಳನೆಯವನನ್ನು ಹೊಡೆಯಲಾಗಲಿಲ್ಲ.
ಅರ್ಧ ಗಂಟೆ ಎದುರಿಗೆ ನಿಂತಿದ್ದು ಆಟ ಮುಚ್ಚಿದೆ.’

ಬಟವಾಡೆಯ ಶನಿವಾರ ಶೆಡ್ಡಿನಲ್ಲೇ ತೋರಿಸಿದೆವು.
ದಾದಾಪೀರನೇ ಮೌಸು ಹಿಡಿದ, ತನ್ನನ್ನು ತಾನೇ ಹೊಡೆದುಕೊಂಡ,
ಬಿದ್ದಾಗಲೆಲ್ಲ ಹುಡುಗರ ಕೇಕೆ.
ಏಳನೆಯವನ ಮುಂದೆ ಅವನೂ ನಿಂತ. ನಾನು ಉಸಿರು ಹಿಡಿದೆ.
ತೆರೆಗೆ ಮೂಗು ಹಚ್ಚಿ ನೋಡಿ ಹೇಳಿದ,
‘ಇವನ ಜೇಬು ಬಲಕ್ಕೆ ಬಂದೈತೆ. ಉಲ್ಟಾ. ಬಿಚ್ಚಿ ಹೊಲಿ.’
ಹೌದು, ಕನ್ನಡಿಯಂತೆ ಮಗುಚಿತ್ತು ಚಿತ್ರ.
ನಲವತ್ತಮೂರರಲ್ಲಿ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಹೊನ್ನೂರ್‌ಬಿ ಕೊನೆಯವರೆಗೂ ತನ್ನ ಕೈಯನ್ನೇ ನೋಡುತ್ತಿದ್ದಳು.
‘ಇಷ್ಟೊತ್ತು ದುಡೀತು, ಒಂದು ಪೀಸೂ ಆಗ್ಲಿಲ್ಲ’ ಅಂದು
ಡಬ್ಬಿ ತಗೊಂಡು ಹೊರಟಳು.

ಎಲ್ಲ ಕಳೆದು ಉಳಿದದ್ದು ಸಾವಿರದ ಒಂಬೈನೂರು.
ಅವಳಿಗೆ ಇನ್ನೂರು, ಕೈ ಬಾಡಿಗೆ.
ದಾದಾಪೀರ್ ಮೂವತ್ತು ಆಳಿನ ಕೂಲಿ ಕೇಳಿದ,
ಬಿರಿಯಾನಿಗೆ ಒಪ್ಪಿದ.

ಈಗಲೂ ಪಕ್ಕದಲ್ಲಿ ಗುಂಡಿ ಒತ್ತಿದ ಸದ್ದಾದರೆ ಸಾಕು,
ಎದೆ ಹಿಡಿದು ಬಟ್ಟೆ ಥಾನಿನ ಮೇಲೆ ಕುಸಿಯುತ್ತಾನೆ ಆಸಾಮಿ.
ಹುಡುಗರು ನಗುತ್ತಾರೆ. ಎದ್ದು ಕತ್ತರಿ ತಗೊಳ್ಳುತ್ತಾನೆ.
ರಾತ್ರಿಪಾಳಿಯ ಕೊನೆಗೆ ಒಮ್ಮೊಮ್ಮೆ
ಏಳಲು ತುಸು ಹೊತ್ತು ಹಿಡಿಯುತ್ತದೆ.